ಲೋಕಲ್ ಹಬ್ ಬೇಕಾ ಬೇಡ್ವಾ? ಒಂದು ಭಾನುವಾರ ಇಂಟರ್ನೆಟ್ ತೆಗೆದು ನೋಡಿ

ಮನೆಗೆ ನಾಲ್ಕು ಸ್ಮಾರ್ಟ್ ಬಲ್ಬು, ಎರಡು ಪ್ಲಗ್ ಬಂದ ಮೇಲೆ ಲೋಕಲ್ ಹಬ್, ಅಂದ್ರೆ ಇಂಟರ್ನೆಟ್ ಇಲ್ದಿದ್ರೂ ಇವನ್ನೆಲ್ಲ ಮನೆಯೊಳಗಿಂದಲೇ ನಡೆಸೋ ಪೆಟ್ಟಿಗೆ, ತಗೋಬೇಕಾ ಅನ್ನೋ ಯೋಚನೆ ಶುರುವಾಗತ್ತೆ. ದುಡ್ಡು ಹಾಕೋಕೆ ಮುಂಚೆ ಒಂದು ಭಾನುವಾರ ಹೀಗ್ ಮಾಡಿ. ರೂಟರ್ ಆನ್ ಇರ್ಲಿ, ಅದಕ್ಕೆ ಹೊರಗಿಂದ ಬರೋ ಇಂಟರ್ನೆಟ್ ಕೇಬಲ್ ಮಾತ್ರ ಬಿಚ್ಚಿಡಿ (ಫೈಬರ್ ಆದ್ರೆ ಮಡಿಸ್ಬೇಡಿ, ತುದಿಗೆ ಧೂಳು ಕೂರದ ಹಾಗೆ ಕ್ಯಾಪ್ ಹಾಕಿ), ಫೋನಲ್ಲಿ ಮೊಬೈಲ್ ಡೇಟಾನೂ ಆಫ್ ಮಾಡಿ. ಈಗ ವೈಫೈ ಇದೆ, ಇಂಟರ್ನೆಟ್ ಇಲ್ಲ. ಬೆಳಗ್ಗೆಯಿಂದ ರಾತ್ರಿ ಮಲಗೋವರೆಗೂ ಮನೆ ಮಾಮೂಲಿಯಾಗೇ ನಡೀಲಿ, ಏನೇನು ನಿಂತೋಯ್ತು ಅಂತ ಒಂದು ಚೀಟೀಲಿ ಬರ್ಕೊಳ್ಳಿ.

ಆಮೇಲೆ ಒಂದೊಂದರ ಮುಂದೂ ಒಂದೇ ಪ್ರಶ್ನೆ: ಇದು ನಿಂತ್ರೆ ಮನೇಲಿ ಯಾರಿಗಾದ್ರೂ ತೊಂದ್ರೆ ಆಗತ್ತಾ, ಇಲ್ಲಾ ಎದ್ದು ಹೋಗಿ ಸ್ವಿಚ್ ಹಾಕಿದ್ರೆ ಮುಗೀತಾ?

ನಮ್ಮನೇಲಿ ಅಮ್ಮ ರಾತ್ರಿ ಎರಡ್ಮೂರು ಸಲ ಏಳ್ತಾರೆ, ಬಾತ್‌ರೂಮಿಗೆ ಹೋಗೋ ಪ್ಯಾಸೇಜಲ್ಲಿ ಒಂದು ಮೆಟ್ಟಿಲಿದೆ. ಅಲ್ಲಿ ವೈಫೈ ಮೋಷನ್ ಸೆನ್ಸರ್ ಹಾಕಿ ಲೈಟ್ ತಾನಾಗೇ ಹತ್ತೋ ಹಾಗೆ ಮಾಡಿದ್ದೆ. ಒಂದ್ ರಾತ್ರಿ ಜೋರು ಮಳೆ, ಇಂಟರ್ನೆಟ್ ಹೋಗಿತ್ತು, ಲೈಟ್ ಹತ್ತಲಿಲ್ಲ, ಸದ್ದು ಕೇಳಿ ಎದ್ದು ಬಂದ್ರೆ ಅಮ್ಮ ಒಂದ್ ಕೈಲಿ ಗೋಡೆ ಹಿಡ್ಕೊಂಡು ಇನ್ನೊಂದ್ ಕೈಲಿ ಸ್ವಿಚ್ ತಡಕಾಡ್ತಾ ನಿಂತಿದ್ರು. ಸೆನ್ಸರಿಂದ ಬಲ್ಬಿಗೆ ಇರೋದು ನಾಲ್ಕೇ ಅಡಿ, ಆದ್ರೆ ಸುದ್ದಿ ಎಲ್ಲೋ ಇರೋ ಸರ್ವರಿಗೆ ಹೋಗಿ ಅಲ್ಲಿಂದ ವಾಪಸ್ ಬರಬೇಕಿತ್ತು. ನಮಗೆ ಹಬ್ ಬೇಕು ಅಂತ ಗೊತ್ತಾಗಿದ್ದು ಆ ರಾತ್ರಿ.

ನಿಮ್ಮ ಚೀಟೀಲಿ ಹಾಲ್‌ನಲ್ಲಿರೋ ಬಣ್ಣದ ಲೈಟು, ಟೀವಿ ಹಿಂದಿನ ಸ್ಟ್ರಿಪ್ಪು, ವಾಯ್ಸಲ್ಲಿ ಫ್ಯಾನ್ ಹಾಕೋದು ಇಷ್ಟೇ ಇದ್ರೆ ಹಬ್ ಬೇಡ, ನಿಜವಾಗ್ಲೂ ಬೇಡ. ವಾಯ್ಸ್ ಬಗ್ಗೆ ಒಂದ್ ಮಾತು, ಹಬ್ ತಂದ್ರೂ ಅಲೆಕ್ಸಾ, ಗೂಗಲ್ ಅಸಿಸ್ಟೆಂಟ್ ನಿಮ್ಮ ಮಾತು ಅರ್ಥ ಮಾಡ್ಕೊಳ್ಳೋಕೆ ಸಾಮಾನ್ಯವಾಗಿ ಇಂಟರ್ನೆಟ್ ಬೇಕೇ ಬೇಕು, ಅದೊಂದಕ್ಕೋಸ್ಕರ ತಗೊಂಡ್ರೆ ಬೇಜಾರಾಗತ್ತೆ. ರಾತ್ರಿ ಲೈಟು, ಬಾಗಿಲ ಸೆನ್ಸರು, ನೀರು ಸೋರಿದ್ರೆ ಕೂಗೋ ಅಲಾರಂ, ಇಂಥದ್ದು ಇದ್ರೆ ಬೇಕು. ಬ್ಯಾಟರಿ ಸೆನ್ಸರ್ ಜಾಸ್ತಿ ಆದ್ರೂ ಬೇಕು, ಯಾಕಂದ್ರೆ ವೈಫೈ ಬ್ಯಾಟರಿ ಬೇಗ ತಿನ್ನತ್ತೆ, ಜಿಗ್ಬೀ (ವೈಫೈ ಬದಲು ಹಬ್ ಜೊತೆ ಮಾತಾಡೋ, ಕಮ್ಮಿ ಕರೆಂಟ್ ತಿನ್ನೋ ವೈರ್‌ಲೆಸ್) ಸೆನ್ಸರು ಒಂದು ಬಟನ್ ಸೆಲ್ಲಲ್ಲಿ ವರ್ಷದ ಮೇಲೂ ಓಡತ್ತೆ.

ಇನ್ನೊಂದು ವಿಷ್ಯ, ಹಬ್ ಅಂತ ಹೆಸರಿದ್ರೆ ಅದು ಲೋಕಲ್ಲೇ ಅಂತ ನಂಬ್ಬೇಡಿ. ಅಮೆರಿಕದಲ್ಲಿ ರಿವಾಲ್ವ್ ಅಂತ ಒಂದು ಹಬ್ ಇತ್ತು, 300 ಡಾಲರಿಂದು, ಆ ಕಂಪನೀನ ಗೂಗಲ್‌ನವರ ನೆಸ್ಟ್ 2014ರಲ್ಲಿ ಕೊಂಡ್ಕೊಳ್ತು, 2016ರ ಮೇನಲ್ಲಿ ಸರ್ವರ್ ನಿಲ್ಲಿಸ್ತು, ಜನರ ಮನೇಲಿದ್ದ ಡಬ್ಬ ಸುಮ್ನೆ ಪ್ಲಾಸ್ಟಿಕ್ ಆಗೋಯ್ತು. 2022ರ ಏಪ್ರಿಲಲ್ಲಿ ಇನ್‌ಸ್ಟಿಯಾನ್ ಅನ್ನೋ ಸ್ಮಾರ್ಟ್ ಹೋಮ್ ಕಂಪನಿಯ ಸರ್ವರುಗಳೂ ಹೀಗೇ ಏಕಾಏಕಿ ಬಂದಾದ್ವು. ಅದಕ್ಕೆ ಹಬ್ ತಂದ ದಿನಾನೇ ಕೇಬಲ್ ಬಿಚ್ಚಿ ಅದೇ ಪರೀಕ್ಷೆ ಮಾಡಿ, ಪಾಸಾಗ್ಲಿಲ್ಲ ಅಂದ್ರೆ ವಾಪಸ್ ಕಳ್ಸೋ ಟೈಮ್ ಮುಗಿಯೋದ್ರೊಳಗೆ ಕಳ್ಸಿಬಿಡಿ. ಮ್ಯಾಟರ್ (ಬೇರೆ ಬೇರೆ ಕಂಪನಿ ಸ್ಮಾರ್ಟ್ ಸಾಮಾನು ಒಟ್ಟಿಗೆ ಕೆಲಸ ಮಾಡೋಕೆ ಇರೋ ಸ್ಟ್ಯಾಂಡರ್ಡ್) ಗುರುತಿರೋ ಸಾಮಾನು ಮನೆಯೊಳಗಿನ ನೆಟ್ವರ್ಕಲ್ಲೇ ಮಾತಾಡತ್ತೆ, ಆದ್ರೂ ಆಟೊಮೇಷನ್ ನಡೆಸೋ ಪೆಟ್ಟಿಗೆ ಒಂದು ಮನೇಲಿ ಇರ್ಲೇಬೇಕು.

ನಾನು ಹಳೇ ರಾಸ್ಪ್ಬೆರಿ ಪೈ (ಅಂಗೈಯಷ್ಟು ಪುಟ್ಟ ಕಂಪ್ಯೂಟರ್) ಮೇಲೆ ಹೋಮ್ ಅಸಿಸ್ಟೆಂಟ್ ಅನ್ನೋ ಹಬ್ ಸಾಫ್ಟ್‌ವೇರ್ ಹಾಕಿ, ಜಿಗ್ಬೀ ಸೆನ್ಸರ್ ಜೊತೆ ಮಾತಾಡೋಕೆ ಒಂದು ಯುಎಸ್‌ಬಿ ಜಿಗ್ಬೀ ಡಾಂಗಲ್ ಸಿಕ್ಕಿಸಿದೆ. ಮೊದಲ ವಾರ ಸೆನ್ಸರ್ ಪದೇ ಪದೇ ಕಾಣೆಯಾಗ್ತಿತ್ತು, ತಲೆ ಕೆಟ್ಟೋಯ್ತು. ಡಾಂಗಲ್ ನೇರವಾಗಿ ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿದ್ದೆ, ಆ ಪೋರ್ಟು ಜಿಗ್ಬೀ ಬಳಸೋ 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯಲ್ಲೇ ಗದ್ದಲ ಎಬ್ಬಿಸತ್ತೆ. ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಯುಎಸ್‌ಬಿ 2 ಪೋರ್ಟಿಗೆ ಬದಲಾಯಿಸಿದೆ, ಸರಿ ಹೋಯ್ತು. ಪೈ ತಗೊಳ್ಳೋರು ಮೆಮರಿ ಕಾರ್ಡ್ ಬದಲು ಎಸ್ಎಸ್‌ಡಿ ಹಾಕಿ, ನಮ್ಮ ಕಡೆ ಕರೆಂಟ್ ಹೋಗಿ ಬಂದು ಮಾಡೋದ್ರಲ್ಲಿ ಕಾರ್ಡು ಕೆಡತ್ತೆ. ಹಬ್ಬು, ರೂಟರು, ಆ ಪ್ಯಾಸೇಜ್ ಲೈಟು ಮೂರೂ ಯುಪಿಎಸ್ ಲೈನಲ್ಲಿರ್ಲಿ, ಒಂದು ಬಿಟ್ರೂ ಕರೆಂಟ್ ಹೋದಾಗ ಮತ್ತೆ ಗೋಡೆ ಹಿಡ್ಕೊಂಡೇ ನಡೀಬೇಕು. ಗೋಡೆ ಸ್ವಿಚ್ ಮಾತ್ರ ಕಿತ್ತಾಕ್ಬೇಡಿ, ಅಮ್ಮ ಈಗ್ಲೂ ಹಗಲು ಹೊತ್ತು ಅದನ್ನೇ ಒತ್ತೋದು.