ವಾರ್ಡಿನ್ಯಾಗ ನಿಂತು ಪೇಶಂಟ್ ಸೇಫ್ಟಿ ಕಲಿಸಿದ್ದು: ನನ್ನ ಅನುಭವ

ನಾನು ಕಲಬುರಗಿ ಒಳಗ ಒಂದು ದವಾಖಾನಿದಾಗ ನರ್ಸಿಂಗ್ ಎಜುಕೇಟರ್ ಅದೀನಿ. ಹೊಸದಾಗಿ ಬಂದ ಸ್ಟಾಫ್ ನರ್ಸ್, ಜಿಎನ್ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಸ್ಟೂಡೆಂಟ್ಸ್, ವಾರ್ಡ್ ಆಯಾಗಳು ಎಲ್ಲರಿಗೂ ಟ್ರೇನಿಂಗ್ ಕೊಡೋದು ನನ್ನ ಡ್ಯೂಟಿ. ಪೇಶಂಟ್ ಸೇಫ್ಟಿ ಕ್ಲಾಸ್ ಅಂದ್ರ ಮೊದ್ಲೆಲ್ಲಾ ಸೆಪ್ಟೆಂಬರ್ 17ಕ್ಕ ಹಾಲ್ ಒಳಗ ಎಲ್ಲರನ್ನೂ ಕೂಡಿಸಿ, ಕೇಸರಿ ಬಲೂನ್ ಕಟ್ಟಿ ಸ್ಲೈಡ್ ತೋರ್ಸೋದು ಅಷ್ಟೇ ಇತ್ತು. 2019ರಿಂದ ಆ ದಿನಾನ ವಿಶ್ವ ರೋಗಿ ಸುರಕ್ಷತಾ ದಿನ ಅಂತ ಮಾಡ್ತಾರಲ್ಲ, ಅದು. ಸ್ಲೈಡಿನ್ಯಾಗಿನ ಅಂಕಿ ಸಣ್ಣವಲ್ಲ, ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯೂಎಚ್ಒ) ಪ್ರಕಾರ ಚಿಕಿತ್ಸೆಗೆ ಬಂದ 10 ಮಂದಿಯೊಳಗ ಹೆಚ್ಚುಕಮ್ಮಿ ಒಬ್ಬರಿಗೆ ಆ ಚಿಕಿತ್ಸೆದಾಗೇ ಏನರೆ ಹಾನಿ ಆಗ್ತದ, ವರ್ಷಕ್ಕ 30 ಲಕ್ಷಕ್ಕಿಂತ ಹೆಚ್ಚು ಜನ ಇದ್ರಿಂದ ಸಾಯ್ತಾರ, ಅದ್ರಾಗ ಅರ್ಧದಷ್ಟು ಹಾನಿ ತಪ್ಪಿಸಬಹುದಾದದ್ದು. ಕೇಳಿದೋರು ಅಯ್ಯೋ ಅಂತಿದ್ರು, ಚಹಾ ಕುಡೀತಿದ್ರು, ವಾರ್ಡಿಗೆ ಹೋಗಿ ಮತ್ತ ಹಳೀ ರೂಢಿನೇ.

ಹಿಂಗಾಗಿ ನಾನು ಕ್ಲಾಸನ್ನ ಹಾಲಿನಿಂದ ಎತ್ತಿ ಬೆಡ್ಡಿನ ಬಾಜೂಕ ತಂದೆ. ಅಲ್ಲಿ ನಿಂತು ನೋಡಿದಾಗ ಒಂದು ಸ್ಪಷ್ಟ ಆತು, ನಮ್ಮ ಕಡಿ ಮಂದಿ ಡಾಕ್ಟರು ನರ್ಸು ಏನ್ ಕೇಳಿದ್ರೂ ಹೂಂ ಅಂತಾರ. ತಿಳೀತೇನ್ರಿ ಅಂದ್ರ ಹೂಂ, ಗುಳಿಗಿ ನುಂಗಿದ್ರೇನು ಅಂದ್ರ ಹೂಂ. ಅದು ಮರ್ಯಾದಿ, ದೊಡ್ಡವರ ಮುಂದ ಎದುರು ಮಾತಾಡಬಾರ್ದು ಅನ್ನೋ ಸಂಸ್ಕಾರ. ಹೊಸಾ ಸಿಸ್ಟರ್ ಕೂಡ ಸೀನಿಯರ್ ಮುಂದ ಅದೇ ಹೂಂ. ನನ್ನ ಪ್ರಕಾರ ನಮ್ಮ ಭಾಗದ ದವಾಖಾನಿಗಳಾಗ ಪೇಶಂಟ್ ಸೇಫ್ಟಿ ಕಲಿಸೋದು ಅಂದ್ರ ಪೇಶಂಟಿಗೂ ಅವರ ಮನಿಯವರಿಗೂ ಜೂನಿಯರ್ ಸ್ಟಾಫಿಗೂ ಬಾಯಿ ಬಿಟ್ಟು ಕೇಳೋದು ಕಲಿಸೋದು, ಮತ್ತ ಕೇಳಿಸ್ಕೊಳ್ಳೋರಿಗೆ ಸಿಟ್ಟಾಗದಂಗ ಇರೋದು ಕಲಿಸೋದು. ಉಳಿದದ್ದೆಲ್ಲಾ ಇದರ ಮ್ಯಾಲ ನಿಂತದ.

ಹೆಸರಿನಿಂದ ಶುರು ಮಾಡಿದೆ. ಶರಣಬಸವೇಶ್ವರರ ಊರಿದು, ಮೇಲ್ ವಾರ್ಡಿನ್ಯಾಗ ಯಾವಾಗ ನೋಡಿದ್ರೂ ಇಬ್ಬರು ಮೂವರು ಶರಣಪ್ಪ, ಶರಣಬಸಪ್ಪ ಇದ್ದೇ ಇರ್ತಾರ, ಆ ಕಡಿ ಮಲ್ಲಮ್ಮ, ನಾಗಮ್ಮ. ಸಿಸ್ಟರ್ ಸಿರಿಂಜ್ ಹಿಡ್ಕೊಂಡು ಬಂದು ಶರಣಪ್ಪ ನೀವೇ ಅಲ್ರಿ ಅಂದ್ರ, ಮುದುಕಗ ಕಿವಿ ಕೇಳ್ಸಂಗಿಲ್ಲ ಅಥವಾ ನಿದ್ದಿಗಣ್ಣು, ಗುರುಮಠಕಲ್ ಕಡಿಯಿಂದ ಬಂದೋನು ತೆಲುಗು ಮಾತಾಡೋನು ಇರಬಹುದು, ಹೂಂ ಅಂತಾನ. ಸೂಜಿ ಬ್ಯಾರೆಯವನಿಗೆ ಹೋಗಬೇಕಾಗಿದ್ದು. ಅದಕ್ಕ ನಮ್ಮ ಮೊದಲ ಪಾಠ: ಹೆಸರು ನೀವು ಹೇಳಬ್ಯಾಡ್ರಿ, ಪೇಶಂಟ್ ಬಾಯಿಂದ ಹೇಳ್ಸ್ರಿ. ನಿಮ್ಮ ಹೆಸರೇನ್ರಿ, ಊರು ಯಾವುದ್ರಿ, ಆಮ್ಯಾಲ ಕೈಗಿರೋ ಬ್ಯಾಂಡು ಮತ್ತ ಕೇಸ್ ಶೀಟ್ ಎರಡೂ ಕೂಡಿಸಿ ನೋಡ್ರಿ. ಬೆಡ್ ನಂಬರ್ ಗುರುತಲ್ಲ, ಯಾಕಂದ್ರ ಫ್ಯಾನ್ ಗಾಳಿ ಬರಲ್ಲ ಅಂತ ಬೆಡ್ ಬದಲಾಯಿಸೋರು ಬ್ಯಾಸಿಗಿದಾಗ ನಮ್ಮಲ್ಲಿ ಭಾಳ.

ಇದ್ರಾಗ ಒಂದು ತೊಡಕು ಬಂತು, ಯಾವ ಇಂಗ್ಲಿಷ್ ಮಾಡ್ಯೂಲಿನ್ಯಾಗೂ ಬರೆದಿರದ್ದು. ಹಳ್ಳಿ ಕಡಿ ವಯಸ್ಸಾದ ಹೆಣ್ಮಕ್ಕಳು ಗಂಡನ ಹೆಸರು ಬಾಯಿಲೆ ಹೇಳಂಗಿಲ್ಲ. ಫಾರ್ಮಿನ್ಯಾಗ ಗಂಡನ ಹೆಸರೇ ಎರಡನೇ ಗುರುತು ಅಂತ ಅದ. ಸಿಸ್ಟರ್ ಕೇಳ್ತಾಳ, ಆಯಿ ಸೆರಗು ಬಾಯಿಗಿಟ್ಟು ಮಗನ ಮಾರಿ ನೋಡ್ತಾಳ, ಮಗ ಹೊರಗ ಹೋಗಿದ್ರ ಮುಗೀತು, ಸಿಸ್ಟರೇ ಅಂದಾಜು ಮಾಡಿ ಹೆಸರು ಹೇಳ್ತಾಳ, ಆಯಿ ತಲಿ ಅಲ್ಲಾಡಿಸ್ತಾಳ. ನಾವು ಆ ಪ್ರಶ್ನಿನೇ ತೆಗೆದು ಹಾಕಿ ಊರು, ಆಮ್ಯಾಲ ಆಸ್ಪತ್ರಿ ನಂಬರ್ ಇಟ್ಕೊಂಡ್ವಿ. ಸ್ಟೂಡೆಂಟ್ಸ್ ಕೈಲೆ ಇದನ್ನ ನಾಟಕ ಆಡಿಸಿದೆ, ಒಬ್ಬಾಕಿ ಮಲ್ಲಮ್ಮ ಆಗಿ ಎಲ್ಲಾದಕ್ಕೂ ಹೂಂ ಅನ್ನಬೇಕು, ಇನ್ನೊಬ್ಬಾಕಿ ಆ ಹೂಂ ನಂಬದೆ ಖರೆ ಗುರುತು ಹೊರಗ ತೆಗೀಬೇಕು. ಹುಡುಗ್ಯಾರು ಇದನ್ನ ಮರೀಲೇ ಇಲ್ಲ.

ಎರಡನೇದು ಇನ್ಸುಲಿನ್. ಇದರ ಬಗ್ಗೆ ನನಗ ಎಷ್ಟು ಹೇಳಿದ್ರೂ ಸಾಲಂಗಿಲ್ಲ. ನಮ್ಮ ದೇಶದಾಗ ಇನ್ಸುಲಿನ್ ಬಾಟ್ಲಿ 40ರದ್ದೂ ಸಿಗ್ತದ, 100ರದ್ದೂ ಸಿಗ್ತದ, ಅಂದ್ರ ಒಂದು ಎಂಎಲ್ ಒಳಗ 40 ಯೂನಿಟ್ ಅಥವಾ 100 ಯೂನಿಟ್. ಸಿರಿಂಜೂ ಎರಡು ತರ, 40ರದ್ದಕ್ಕ ಕೆಂಪು ಕ್ಯಾಪ್, 100ರದ್ದಕ್ಕ ಕಿತ್ತಳೆ ಕ್ಯಾಪ್. ಡಾಕ್ಟರ್ 20 ಯೂನಿಟ್ ಬರೆದಾರ ಅಂತ ಇಟ್ಕೊಳ್ರಿ. 40ರ ಬಾಟ್ಲಿಯಿಂದ ಕಿತ್ತಳೆ ಸಿರಿಂಜಿನ್ಯಾಗ 20ರ ಗೀಟಿಗೆ ಎಳೆದ್ರ ಮೈಯಾಗ ಹೋಗೋದು ಬರೇ 8 ಯೂನಿಟ್, ಸಕ್ಕರಿ ಇಳಿಯಂಗಿಲ್ಲ, ಮಂದಿ ಔಷಧಿ ತಾಗ್ಲಿಲ್ಲ ಅಂತಾರ. ಉಲ್ಟಾ ಆದ್ರ ಇನ್ನೂ ಕಠಿಣ, 100ರ ಬಾಟ್ಲಿಯಿಂದ ಕೆಂಪು ಸಿರಿಂಜಿನ್ಯಾಗ ಅದೇ 20ರ ಗೀಟಿಗೆ ಎಳೆದ್ರ 50 ಯೂನಿಟ್ ಹೋಗ್ತದ, ರಾತ್ರಿ ಸಕ್ಕರಿ ಬಿದ್ದು ಮನುಷ್ಯಾ ಏಳೋದಿಲ್ಲ.

ಇದನ್ನ ಬಾಯಿಲೆ ಹೇಳಿದ್ರ ಯಾರಿಗೂ ತಿಳಿಯಂಗಿಲ್ಲ. ಡಿಸ್ಚಾರ್ಜ್ ಟೇಬಲ್ ಮ್ಯಾಲ ಎರಡೂ ಸಿರಿಂಜ್ ಇಟ್ಟು, ಎರಡರಾಗೂ 20ರ ತನಕ ನೀರು ಎಳೆದು, ಬಾಜೂಕ ಬಾಜೂಕ ಹಿಡಿದು ತೋರಿಸ್ತೀನಿ. ಕಣ್ಣಿಗೆ ಕಾಣ್ತದ, ಒಂದ್ರಾಗ ನೀರು ಎರಡು ಪಟ್ಟಿಗಿಂತ ಹೆಚ್ಚು. ಆಮ್ಯಾಲ ತಿಳೀತೇನ್ರಿ ಅಂತ ಕೇಳಂಗಿಲ್ಲ, ಅಮ್ಮಾ ಈಗ ನೀವು ನನಗ ಎಳೆದು ತೋರಿಸ್ರಿ ಅಂತೀನಿ. ಮನ್ಯಾಗ ಸೂಜಿ ಕೊಡೋರು ಯಾರೋ ಅವರಿಗೇ ಕಲಿಸಬೇಕು, ಭಾಳ ಸಲ ಅದು ಸೊಸಿ ಇರ್ತಾಳ ಇಲ್ಲಾ ಕಾಲೇಜಿಗೆ ಹೋಗೋ ಮೊಮ್ಮಗ. ಅದಕ್ಕ ಮಗನ ಕೈಗೆ ಕಾಗದ ಕೊಟ್ಟು ಕಳಿಸೋದು ಬಿಟ್ಟುಬಿಟ್ಟೀವಿ. ಆಳಂದ ತಾಲ್ಲೂಕಿನ ಒಂದು ಹಳ್ಳಿ ಸೊಸಿ, ಓದಿದ್ದು ಕಡಿಮಿ, ಫಾಲೋಅಪ್ಪಿಗೆ ಬಂದಾಗ ಹೇಳಿದ್ಲು, ಅಂಗಡಿಯವ ಕೆಂಪು ಖಾಲಿ ಆಗ್ಯಾವ ಇದೇ ನಡೀತದ ತಗೋ ಅಂತ ಕಿತ್ತಳೆ ಕೊಟ್ಟನಂತ, ಈಕಿ ಬಾಟ್ಲಿ ತೆಗೆದು ಇದರ ಮ್ಯಾಲ 40 ಅಂತ ಅದ ನೋಡಣ್ಣ, ನನಗ ಕೆಂಪೇ ಬೇಕು ಅಂತ ಹೇಳಿ ಬ್ಯಾರೆ ಅಂಗಡಿಗೆ ಹೋಗಿ ತಂದಾಳ. ಇದಕ್ಕಿಂತ ಛಲೋ ಸೇಫ್ಟಿ ಆಫೀಸರ್ ಯಾರು ಬೇಕ್ರಿ.

ಇನ್ನೊಂದು ಗುಳಿಗಿ ಮೆಥೋಟ್ರೆಕ್ಸೇಟ್. ಕೀಲುಬ್ಯಾನಿಗೆ ಕೊಡ್ತಾರ, ವಾರಕ್ಕ ಒಂದೇ ದಿನ. ದಿನಾ ನುಂಗಿದ್ರ ಬಾಯಿ ಹುಣ್ಣಾಗಿ ರಕ್ತದ ಕಣ ಕುಸಿದು ಜೀವಕ್ಕೇ ಬರ್ತದ. ವಾರಕ್ಕೊಮ್ಮೆ ಅಂತ ಹೇಳೋದು ಸಾಲದು, ದಿನ ಗೊತ್ತು ಮಾಡ್ರಿ, ನೀವು ಗುಡಿಗೆ ಹೋಗೋ ಸೋಮವಾರ ಅಂತ, ಸ್ಟ್ರಿಪ್ ಮ್ಯಾಲ ಮಾರ್ಕರಿನಿಂದ ದೊಡ್ಡದಾಗಿ ಬರೀರಿ.

ಕೈ ತೊಳಿಯೋ ವಿಷಯದಾಗ ಜಗ್ಗಾಟ ಆತು. ಪೇಶಂಟ್ ಕಡಿಯವರಿಗೆ ನಾವು ಹೇಳಿಕೊಟ್ವಿ, ಯಾರೇ ಮುಟ್ಟಾಕ ಬರ್ಲಿ, ಸಿಸ್ಟರ್ ಕೈ ತೊಳಕೊಂಡ್ರೇನು ಅಂತ ಕೇಳ್ರಿ ಅಂತ. ಕೆಲವು ಸ್ಟಾಫಿಗೆ ಇದು ಭಾಳ ಚುಚ್ಚಿತು, ನಿನ್ನೆ ಬಂದೋರು ನಮಗ ಕಲಿಸ್ತಾರೇನು ಅಂದ್ರು. ನಾನು ವಾದ ಮಾಡ್ಲಿಲ್ಲ, ಸೀದಾ ಸೀನಿಯರ್ ಸರ್ಜನ್ ಹತ್ರ ಹೋದೆ. ಅವರು ಮರುದಿನ ರೌಂಡ್ಸಿನ್ಯಾಗ ಎಲ್ಲರಿಗೂ ಕೇಳಂಗ ಅಂದ್ರು, ನಾ ಕೈ ತೊಳಿದೇ ಮುಟ್ಟಾಕ ಬಂದ್ರ ನೀವು ನನ್ನ ತಡೀರಿ. ನನ್ನ ನೂರು ಸ್ಲೈಡ್ ಮಾಡದ ಕೆಲಸ ಆ ಒಂದು ಮಾತು ಮಾಡ್ತು. ಬ್ಯಾಸಿಗಿದಾಗ ನಲ್ಲಿ ನೀರಿಂದೇ ತ್ರಾಸ ಇರ್ತದಲ್ಲ, ಅದಕ್ಕ ಒಂದೊಂದು ಬೆಡ್ಡಿಗೂ ಹ್ಯಾಂಡ್ ರಬ್, ಅಂದ್ರ ನೀರಿಲ್ಲದೇ ಕೈಗೆ ಉಜ್ಜೋ ಸ್ಪಿರಿಟ್ ದ್ರಾವಣದ ಬಾಟ್ಲಿ ಕಟ್ಟಿಸಿದ್ವಿ, 20ರಿಂದ 30 ಸೆಕೆಂಡ್ ಉಜ್ಜಿದ್ರ ಸಾಕು, ಆದ್ರ ಕೈಗೆ ರಕ್ತ ಹೊಲಸು ಹತ್ತಿದ್ರ ಸಾಬೂನು ನೀರೇ ಬೇಕು, 40ರಿಂದ 60 ಸೆಕೆಂಡ್.

ಸ್ಟಾಫ್ ಒಳಗಿನ ಪಾಠ ಇದಕ್ಕಿಂತ ನಿಧಾನ. ಆಗಬೇಕಿದ್ದ ತಪ್ಪು ಸ್ವಲ್ಪದ್ರಾಗ ತಪ್ಪಿದ್ದನ್ನ ಬರೀರಿ ಅಂತ ಒಂದು ಬುಕ್ ಇಟ್ಟೆ, ಒಬ್ಬರೂ ಬರೀಲಿಲ್ಲ, ನೋಟಿಸ್ ಬರ್ತದ ಅನ್ನೋ ಅಂಜಿಕಿ. ಮ್ಯಾನೇಜ್ಮೆಂಟ್ ಜೋಡಿ ಕೂತು ಗಟ್ಟಿ ಮಾಡಿಸ್ಕೊಂಡೆ, ಈ ಬುಕ್ಕಿನ್ಯಾಗ ಹೆಸರು ಬರಿಯೋ ಹಾಗಿಲ್ಲ, ಇದನ್ನ ಹಿಡ್ಕೊಂಡು ಯಾರ ಮ್ಯಾಲೂ ಕ್ರಮ ಇಲ್ಲ. ಏನಾಗೋದಿತ್ತು, ಎಲ್ಲಿ, ಯಾವುದು ತಡೀತು, ಇಷ್ಟೇ. ಆಮ್ಯಾಲ ಬರಿಯಾಕ ಹತ್ತಿದ್ರು. ಓದಿದ್ರ ಎದಿ ಝಲ್ ಅಂತದ. ಪೊಟ್ಯಾಶಿಯಂ ಕ್ಲೋರೈಡ್ ಆಂಪ್ಯೂಲ್ (ಔಷಧಿಯ ಸಣ್ಣ ಸೀಸೆ), ಇಂಜೆಕ್ಷನ್ ಪುಡಿ ಕಲಸೋ ಡಿಸ್ಟಿಲ್ಡ್ ವಾಟರ್ ಜೋಡಿ ಒಂದೇ ಟ್ರೇದಾಗ ಇತ್ತು ಅಂತ ಒಬ್ಬಾಕಿ ಬರೆದಿದ್ಲು, ತೆಳು ಮಾಡದೇ ನೇರ ರಕ್ತನಾಳಕ್ಕ ಕೊಟ್ರ ಹೃದಯ ನಿಲ್ಲಿಸೋ ಔಷಧಿ ಅದು. ಅವತ್ತೇ ಅದನ್ನ ವಾರ್ಡ್ ಟ್ರಾಲಿಯಿಂದ ತೆಗೆದು ಬ್ಯಾರೆ ಕಪಾಟಿನ್ಯಾಗ ಕೀಲಿ ಹಾಕಿ ಇಟ್ವಿ. ಫೋನಿನ್ಯಾಗ ಹೇಳೋ ಆರ್ಡರ್ ಬಗ್ಗೆನೂ ಬಂತು, ಫಿಫ್ಟೀನೋ ಫಿಫ್ಟಿನೋ ಕೇಳಂಗಿಲ್ಲ, ಈಗ ಒನ್ ಫೈವ್, ಫೈವ್ ಝೀರೋ ಅಂತ ಬಿಡಿಸಿ ಹೇಳಬೇಕು, ಕೇಳಿದೋರು ಬರ್ಕೊಂಡು ತಿರುಗಿ ಓದಿ ಹೇಳಬೇಕು, ಅಲ್ಲಿತನಕ ಫೋನ್ ಇಡಂಗಿಲ್ಲ.

ಡಿಸ್ಚಾರ್ಜ್ ಕಾಗದದ ಹಿಂದ ಈಗ 1800-180-3024 ಅಂತ ನಂಬರ್ ಹೊಡಿಸೀವಿ, ಔಷಧಿ ತಗೊಂಡು ಏನರೆ ವಿಪರೀತ ಆದ್ರ ತಿಳಿಸಾಕ ಸರ್ಕಾರದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮದ ಟೋಲ್ ಫ್ರೀ ನಂಬರ್ ಅದು, ಡಾಕ್ಟರಷ್ಟೇ ಅಲ್ಲ, ಪೇಶಂಟೂ ಮಾಡಬಹುದು.

ಇನ್ಸುಲಿನ್ ಪಾಠಾನ ಕನ್ನಡ, ದಖ್ಖನಿ ಎರಡರಾಗೂ ಮೊಬೈಲಿನ್ಯಾಗ ವಿಡಿಯೋ ಮಾಡೀವಿ. ತಾಂಡಾದ ಒಬ್ಬಾಕಿ ಸ್ಟೂಡೆಂಟ್ ಲಂಬಾಣಿ ಭಾಷಾದಾಗ ಮಾತಾಡಿ ಕೊಡ್ತೀನಿ ಅಂದಾಳ, ಆಕಿ ಪರೀಕ್ಷಾ ಮುಗಿಯೋದಷ್ಟೇ ಬಾಕಿ. ಬೀದರ ಕಡಿ ಮರಾಠಿ, ಯಾದಗಿರಿ ಕಡಿ ತೆಲುಗು ಬರೋ ಸಿಸ್ಟರ್ ಯಾರರೆ ಇದ್ರ ನಮ್ಮ ಜೋಡಿ ಕೂಡ್ರಿ, ಸಿರಿಂಜು ನೀರು ಟೇಬಲ್ಲು ನಮ್ಮದು, ಮಾತು ನಿಮ್ಮದು.