ಕಾರ್ ಲೋನ್ ಪತ್ರ ಕಳೆದಿದ್ರೆ ಹುಡುಕೋದು ಹೀಗೆ

ಮೊದಲು ಆರ್‌ಸಿ ನೋಡಿ. ಕೆಎ-17 ಇರಲಿ, ಕೆಎ-16 ಇರಲಿ, ಹೈಪಾಥಿಕೇಶನ್ (ಸಾಲಕ್ಕೆ ಗಾಡಿ ಅಡ) ಅಂತ ಇರೋ ಕಡೆ ಫೈನಾನ್ಸ್‌ನವರ ಹೆಸರಿರುತ್ತೆ. ಆರ್‌ಸಿನೂ ಇಲ್ವಾ? ಹಳೇ ಇನ್ಶೂರೆನ್ಸ್ ಪಾಲಿಸಿಯಲ್ಲೂ ಅದೇ ಹೆಸರು ಸಿಗುತ್ತೆ.

ಹೆಸರು ಸಿಕ್ಕರೆ ಸಾಲದು, ಲೋನ್ ನಂಬರ್ ಬೇಕು. ಕಂತು ಕಟ್ ಆಗ್ತಿದ್ದ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ. ಇಸಿಎಸ್ ಅಥವಾ ನ್ಯಾಚ್ (ಖಾತೆಯಿಂದ ಕಂತು ತಾನಾಗೇ ಕಟ್ ಆಗೋ ವ್ಯವಸ್ಥೆ) ಅಂತ ಇರೋ ಸಾಲಿನಲ್ಲಿ ಎಷ್ಟೋ ಸಲ ಆ ನಂಬರೇ ಇರುತ್ತೆ. ಪಾಸ್‌ಬುಕ್ ನಂಬಬೇಡಿ, ಅದರಲ್ಲಿ ಅರ್ಧ ಅಕ್ಷರ ಕತ್ತರಿಸಿರುತ್ತೆ. ನಿಮ್ಮ ಸಾಲಗಳ ದಾಖಲೆ ಇರೋ ಸಿಬಿಲ್ ರಿಪೋರ್ಟ್ ವರ್ಷಕ್ಕೊಮ್ಮೆ ಪುಕ್ಕಟೆ, ಅದನ್ನೂ ನೋಡಿ. ಬಹಳ ಹಿಂದೆ ತೀರಿದ ಸಾಲ ಮಾತ್ರ ಅದರಲ್ಲಿ ಕಾಣದೇ ಇರಬಹುದು.

ಆಮೇಲೆ ಬ್ರಾಂಚ್‌ಗೆ ಹೋಗಿ ಲಿಖಿತವಾಗಿ ಕೇಳಿ: ಅಗ್ರಿಮೆಂಟ್ ನಕಲು, ಲೋನ್ ಸ್ಟೇಟ್‌ಮೆಂಟ್, ಸಾಲ ತೀರಿದ್ರೆ ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನೋ ಪತ್ರ) ಮತ್ತು ಸಹಿ ಹಾಕಿದ ಫಾರಂ 35 (ಆರ್‌ಟಿಒದಲ್ಲಿ ಆರ್‌ಸಿಯಿಂದ ಫೈನಾನ್ಸ್‌ನವರ ಹೆಸರು ತೆಗೆಸೋಕೆ). ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಹಾಕಿಸ್ಕೊಳ್ಳಿ. ಬಾಯಿಮಾತಲ್ಲಿ ಕೇಳಿದ್ರೆ "ನಾಳೆ ಬನ್ನಿ ಸಾರ್" ಅಷ್ಟೇ.

ಎನ್‌ಒಸಿ ಕೈಗೆ ಬಂದ ತಕ್ಷಣ ಕೌಂಟರ್‌ನಲ್ಲೇ ನಿಂತು ಚಾಸಿ ನಂಬರಿನ 17 ಅಕ್ಷರಗಳನ್ನೂ ಆರ್‌ಸಿ ಜೊತೆ ತಾಳೆ ನೋಡಿ. ಒಂದು ತಪ್ಪಿದ್ರೂ ಆರ್‌ಟಿಒದಲ್ಲಿ ವಾಪಸ್ ಕಳಿಸ್ತಾರೆ. ಸಾಮಾನ್ಯವಾಗಿ ಎನ್‌ಒಸಿಗೆ ಮೂರು ತಿಂಗಳ ವಾಯಿದೆ ಇರೋದ್ರಿಂದ ಬೀರುವಿನಲ್ಲಿಟ್ಟು ಮರೀಬೇಡಿ.