1985ರ ವಿಂಟೇಜ್ ಪೋರ್ಟ್ ತೆಗೆದು ನೋಡಿದ್ದು: ನನ್ನ ಅನುಭವ

ತುಂಬಾ ದಿನದಿಂದ ಮಲಗಿಸಿಟ್ಟಿದ್ದ 1985ರ ವಿಂಟೇಜ್ ಪೋರ್ಟನ್ನ (ಒಂದೇ ವರ್ಷದ ದ್ರಾಕ್ಷಿಯಿಂದ ಮಾಡೋ ಪೋರ್ಚುಗಲ್ಲಿನ ಸಿಹಿ ವೈನ್) ಕೊನೆಗೂ ತೆಗ್ದೆ. ಎರಡು ದಿನ ಮುಂಚೆನೇ ಬಾಟಲನ್ನ ನೆಟ್ಟಗೆ ನಿಲ್ಸಿಟ್ಟೆ, ಯಾಕಂದ್ರೆ ಇದನ್ನ ಎರಡು ಮೂರು ವರ್ಷಕ್ಕೇ ಪೀಪಾಯಿಂದ ತೆಗ್ದು ಸೋಸದೇ ಬಾಟಲಿಗೆ ತುಂಬ್ತಾರೆ, ಮಾಗೋದೆಲ್ಲ ಬಾಟಲ್ ಒಳಗೇ, ಅದಕ್ಕೇ ಗಸಿ ಜಾಸ್ತಿ. ಪೀಪಾಯಲ್ಲೇ ಮಾಗಿದ ಟಾನಿ ಅನ್ನೋ ಇನ್ನೊಂದು ಬಗೆಯ ಪೋರ್ಟಿಗೆ ಈ ಕಾಟ ಇಲ್ಲ.

ವೈನ್ ಮಟ್ಟ ಕತ್ತಿನ ಬುಡದಲ್ಲಿತ್ತು, ಆ ವಯಸ್ಸಿಗೆ ಪರವಾಗಿಲ್ಲ. ಕಾರ್ಕ್ ಮೇಲೆ ಸುತ್ತಿರೋ ಕ್ಯಾಪ್ಸೂಲ್ ಹೊದಿಕೆ ಹತ್ರ ಸೋರಿದ ಅಂಟೂ ಇರಲಿಲ್ಲ. ಆದ್ರೆ ಕಾರ್ಕ್ ಅರ್ಧಕ್ಕೇ ಮುರೀತು, ಉಳಿದಿದ್ದು ಪುಡಿಪುಡಿಯಾಗಿ ಒಳಗೆ ಬಿತ್ತು, ಸರಿ ಅಂತ ತೆಳ್ಳನೆ ಬಟ್ಟೆ ಇಟ್ಕೊಂಡು, ಬಾಟಲ್ ಕತ್ತಿನ ಹಿಂದೆ ಟಾರ್ಚ್ ಹಿಡ್ಕೊಂಡು, ಕೈ ಅಲುಗಿಸದೆ ಒಂದೇ ಸಲಕ್ಕೆ ಡಿಕ್ಯಾಂಟರ್ ಅನ್ನೋ ಗಾಜಿನ ಹೂಜಿಗೆ ಬಗ್ಗಿಸ್ದೆ, ಗಸಿಯ ಕಪ್ಪು ಎಳೆ ಕಂಡ ತಕ್ಷಣ ನಿಲ್ಲಿಸ್ದೆ. ತಳದಲ್ಲಿ ಎರಡು ಬೆರಳಷ್ಟು ಬಿಟ್ಟೆ, ಅದಕ್ಕೆ ಆಸೆ ಪಡಬಾರ್ದು.

ಮೂಸಿದ್ರೆ ಬರೀ ಮುಗ್ಗಲು ವಾಸನೆ! ಕಾರ್ಕ್ ಕೆಟ್ಟು ಇಡೀ ಬಾಟಲೇ ಹಾಳಾಗಿದೆಯಾ ಅಂತ ಎದೆ ಧಸಕ್ ಅಂತು. ಇಲ್ಲೇ ಆತುರ ಮಾಡಬಾರ್ದು. ವರ್ಷಗಟ್ಟಲೆ ಮುಚ್ಚಿಟ್ಟಿದ್ದರ ಮುಗ್ಗಲು ಗಾಳಿ ತಾಗಿದ್ರೆ ಹೋಗತ್ತೆ, ಕಾರ್ಕಿಂದ ಬಂದ ಒದ್ದೆ ರಟ್ಟಿನ ವಾಸನೆ ಹೋಗಲ್ಲ, ಎಷ್ಟೋ ಸಲ ಇನ್ನೂ ಎದ್ದು ಕಾಣತ್ತೆ. ಅರ್ಧರ್ಧ ಗಂಟೆಗೆ ಮೂಸ್ತಾ ಕೂತೆ. ಒಂದು ಗಂಟೆಗೆ ಮುಗ್ಗಲು ಪೂರ್ತಿ ಹೋಯ್ತು, ಒಣ ಅಂಜೂರ, ಕೋಕೋ, ಸ್ವಲ್ಪ ಹೊಗೆಸೊಪ್ಪಿನ ಘಮ ಬಂತು. ಎಷ್ಟು ಖುಷಿಯಾಯ್ತು ಅಂದ್ರೆ!

ಬಿಳಿ ಹಾಳೆ ಮೇಲೆ ಗ್ಲಾಸ್ ಓರೆ ಮಾಡಿದ್ರೆ ನಡುವೆ ಮಾಗಿದ ಕೆಂಪು, ಅಂಚಲ್ಲಿ ಇಟ್ಟಿಗೆ ಬಣ್ಣ. ಸಿಹಿ ಇನ್ನೂ ತುಂಬಿತ್ತು. ದ್ರಾಕ್ಷಿರಸ ಹುದುಗ್ತಿರುವಾಗ್ಲೇ 77% ಆಲ್ಕೋಹಾಲಿನ ದ್ರಾಕ್ಷಿ ಸ್ಪಿರಿಟ್ ಹಾಕಿ ನಿಲ್ಲಿಸ್ತಾರಲ್ಲ, ಅದರಿಂದ ಸಕ್ಕರೆ ಉಳಿಯತ್ತೆ, ಕೊನೆಗೆ 20% ಆಸುಪಾಸು ಆಲ್ಕೋಹಾಲ್ ಇರತ್ತೆ. ಚೆನ್ನಾಗಿ ಮಾಗಿದ್ರೆ ಆ ಸ್ಪಿರಿಟ್ ಬೇರೆಯಾಗಿ ಗೊತ್ತಾಗಬಾರ್ದು. ಇದ್ರಲ್ಲಿ ಒಗರೆಲ್ಲ ಕರಗಿ ರೇಷ್ಮೆ ಥರ ಆಗಿತ್ತು, ಆದ್ರೆ ನುಂಗಿದ ಮೇಲೆ ಗಂಟಲಲ್ಲಿ ಸ್ವಲ್ಪ ಬಿಸಿ ತಾಗ್ತು, ನಾಲಿಗೆ ನಡುವೆ ಹಣ್ಣು ಕೊಂಚ ತೆಳು ಅನ್ನಿಸ್ತು. ಹಣ್ಣು ಇಳೀತಾ ಸ್ಪಿರಿಟ್ ಮೇಲೆ ಬರ್ತಿದೆ ಅಂದ್ರೆ ಇನ್ನು ಇಟ್ಟು ಲಾಭ ಇಲ್ಲ, ಕುಡಿಯೋ ಕಾಲ ಇದೇ ಅಂತ ಬರ್ಕೊಂಡೆ. ರುಚಿ ಮಾತ್ರ ಬಾಯಲ್ಲಿ ಒಂದು ನಿಮಿಷದ ಮೇಲೂ ಇತ್ತು.

ಉಳಿದಿದ್ದನ್ನ ಮಾರನೇ ದಿನ ನೋಡ್ದೆ, ಅಂಜೂರ ಆಗ್ಲೇ ಮಂಕಾಗಿತ್ತು, ಬಿಸಿ ಇನ್ನೂ ಮುಂದೆ ಬಂದಿತ್ತು. ಇದೇ ವರ್ಷದ್ದು ಇನ್ನೊಂದು ಬಾಟಲ್ ಇದೆ, ಅದನ್ನ ಈ ವರ್ಷವೇ ತೆಗೀತೀನಿ.